ಎರಡು ಗಂಟೆ ಐವತ್ತೇಳು ನಿಮಿಷ

ಕೊಯಮತ್ತೂರು
2 ಡಿಸೆಂಬರ್ 2024

ಗೀತಾಂಜಲಿ ಅಕ್ಕನವರಿಗೆ ನಮಸ್ಕಾರ.

ನನ್ನ ನೆನಪು ನಿಮಗಿದೆಯೋ ಇಲ್ಲವೋ ತಿಳಿಯದು. ಜೂನ್ ತಿಂಗಳಲ್ಲಿ ನಿಮ್ಮ ತಮ್ಮ ನಂಜುಂಡೇಶ ನಮ್ಮ ಆಸ್ಪತ್ರೆಯಲ್ಲಿದ್ದ ಮೂರು ದಿನ ಕಾಗದಪತ್ರ ಹಿಡಿದುಕೊಂಡು ನಿಮ್ಮ ಬಳಿ ಬಂದು ಹೋಗುತ್ತಿದ್ದವನು ನಾನು. ಅಂಗದಾನ ವಿಭಾಗದ ಕೃಷ್ಣನ್. ಕೊನೆಯ ಸಹಿ ಹಾಕಿ ಪೆನ್ನು ವಾಪಸ್ ಕೊಡುವಾಗ ನೀವು “ಊಟ ಮಾಡಿದ್ಯಾ ತಂಬಿ?” ಎಂದು ಸ್ವಂತ ತಮ್ಮನನ್ನು ಕೇಳುವ ಹಾಗೆ ಕೇಳಿದಿರಿ. ಈ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಆ ಪೆನ್ನು ವಾಪಸ್ ಕೊಡುವಾಗ ಬೇರೆ ಯಾರೂ ಹಾಗೆ ಕೇಳಿದ್ದಿಲ್ಲ.

ಇದರೊಳಗೆ ಇನ್ನೊಂದು ಪತ್ರ ಇದೆ. ನಂಜುಂಡೇಶನ ಹೃದಯ ಪಡೆದವರು ಬರೆದದ್ದು. ಅವರ ರಕ್ತದ ಗುಂಪು ಎಬಿ, ನಿಮ್ಮ ತಮ್ಮನದೂ ಅದೇ. ಆ ದಿನ ನಮ್ಮ ರಾಜ್ಯದ ಪಟ್ಟಿಯಲ್ಲಿ ಹೊಂದುವವರು ಯಾರೂ ಇರಲಿಲ್ಲ, ಬೆಂಗಳೂರಿನಲ್ಲಿ ಇವರಿದ್ದರು. ನಿಯಮದ ಪ್ರಕಾರ ಅವರ ಹೆಸರು ನಿಮಗೆ ತಿಳಿಯಬಾರದು, ನಿಮ್ಮದು ಅವರಿಗೆ ತಿಳಿಯಬಾರದು. ಎರಡೂ ಕಡೆಯ ಕಾಗದ ನನ್ನ ಮೇಜಿನ ಮೇಲೆ ಹಾದುಹೋಗುತ್ತದೆ. ಹೆಸರು ಕಂಡರೆ ಕಪ್ಪು ಶಾಯಿ ಬಳಿಯುವುದು ನನ್ನ ಕೆಲಸ. ಊರಿನ ಮಾತು ಬಂದರೆ ಕಣ್ಣುಮುಚ್ಚಿಕೊಳ್ಳುತ್ತೇನೆ. ನಾನು ತಾಳವಾಡಿಯವನು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಅದಕ್ಕೇ ಈ ಪತ್ರ ನನ್ನ ಪಾಲಿಗೆ ಬಂತು.

ಓದಲೇಬೇಕೆಂದಿಲ್ಲ ಅಕ್ಕ. ಉತ್ತರ ಬರೆಯಲೇಬೇಕೆಂದೂ ಇಲ್ಲ.

ಇಂತಿ,
ಕೃಷ್ಣನ್


ಬೆಂಗಳೂರು
14 ನವೆಂಬರ್ 2024

ನಾನು ಹೆಸರು ತಿಳಿಯದ ಕುಟುಂಬದವರಿಗೆ,

ಈ ಪತ್ರವನ್ನು ಬರೆಯುತ್ತಿರುವುದು ಇದು ಏಳನೆಯ ಸಲ. ಹಿಂದಿನ ಆರನ್ನೂ ಹರಿದುಹಾಕಿದೆ.

ನನಗೆ ಐವತ್ತೆರಡು ವರ್ಷ. ಹೆಂಡತಿ ಇದ್ದಾಳೆ, ಕಾಲೇಜು ಓದುವ ಒಬ್ಬಳು ಮಗಳಿದ್ದಾಳೆ. ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದೇನೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಪುಸ್ತಕದಲ್ಲಿ ಬರೆದು ಮೈಕಿನಲ್ಲಿ ಕೂಗುವ ಕೆಲಸ. ಮೂರು ವರ್ಷದ ಹಿಂದೆ ಕೂಗುತ್ತಿದ್ದಾಗಲೇ ದನಿ ನಿಂತಿತು. ಹೃದಯದ ಸ್ನಾಯು ಸಡಿಲವಾಗಿದೆ, ರಿಪೇರಿ ಆಗುವಂಥದ್ದಲ್ಲ ಎಂದರು. ಹದಿನಾಲ್ಕು ತಿಂಗಳು ಪಟ್ಟಿಯಲ್ಲಿದ್ದೆ.

ಈಗ ಚೆನ್ನಾಗಿದ್ದೇನೆ. ಕಳೆದ ವಾರ ಬಾಗಿಲಿನಿಂದ ಗೇಟಿನವರೆಗೆ ಒಬ್ಬನೇ ನಡೆದೆ. ನಿಮ್ಮ ಉಪಕಾರಕ್ಕೆ ಏನು ಬರೆದರೂ ಕಡಿಮೆ. ಕೊಟ್ಟವರು ಗಂಡಸೋ ಹೆಂಗಸೋ, ಎಷ್ಟು ವಯಸ್ಸೋ, ನನಗೆ ಏನೂ ಹೇಳಿಲ್ಲ. ಕೇಳುವ ಹಕ್ಕು ನನಗಿಲ್ಲ. ದೇವರು ನಿಮ್ಮ ಮನೆಯವರಿಗೆ ಒಳ್ಳೆಯದು ಮಾಡಲಿ.

ಕೃತಜ್ಞ,
ಹೃದಯ ಪಡೆದವನು


ಅರವಂಕಾಡು
19 ಜನವರಿ 2025

ನಮಸ್ಕಾರ.

ನಿಮ್ಮ ಪತ್ರ ಬಂದು ಒಂದೂವರೆ ತಿಂಗಳಾಯಿತು. ಓದಿ ಅಡಿಗೆಮನೆಯ ಅಟ್ಟದ ಮೇಲಿಟ್ಟೆ. ಸಂಕ್ರಾಂತಿಗೆ ಅಟ್ಟ ಒರೆಸುವಾಗ ಮತ್ತೆ ಕೈಗೆ ಸಿಕ್ಕಿತು.

ಗಂಡಸು. ಮೂವತ್ತಾರು ವರ್ಷ. ನನ್ನ ತಮ್ಮ. ಅಪ್ಪ ಅವ್ವ ಹೋದಾಗ ಅವನಿಗೆ ಹನ್ನೊಂದು, ನನಗೆ ಇಪ್ಪತ್ತು. ಆಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಇಲ್ಲಿ ನೀಲಗಿರಿಯ ಒಂದು ಟೀ ಫ್ಯಾಕ್ಟರಿಯ ಎಲೆ ಶೆಡ್ಡಿನಲ್ಲಿ, ಹೆಂಗಸರು ಕಿತ್ತು ತಂದ ಎಲೆಯ ತೂಕ ಬರೆದುಕೊಳ್ಳುತ್ತೇನೆ. ಅವನು ಕೆಳಗೆ ಮಸಿನಗುಡಿಯಲ್ಲಿ ಜೀಪು ಓಡಿಸುತ್ತಿದ್ದ. ರೆಸಾರ್ಟಿಗೆ ಬಂದವರಿಗೆ ಕಾಡು ತೋರಿಸುವುದು. ವಾರಕ್ಕೊಮ್ಮೆ ಬೈಕಿನಲ್ಲಿ ಕಲ್ಲಟ್ಟಿ ಘಾಟಿ ಹತ್ತಿ ಮನೆಗೆ ಬರುತ್ತಿದ್ದ. ಜೂನ್ ಎಂಟರ ಸಾಯಂಕಾಲ ಮಂಜಿನಲ್ಲಿ ಒಂದು ತಿರುವಿನಲ್ಲಿ ಜಾರಿದ. ಮೈಮೇಲೆ ಒಂದು ಗೀರೂ ಇರಲಿಲ್ಲ, ತಲೆಗೆ ಮಾತ್ರ ಪೆಟ್ಟು.

ನೀವು ಕೇಳುವ ಹಕ್ಕಿಲ್ಲ ಎಂದಿದ್ದೀರಿ. ನನಗೆ ಒಂದು ಕೇಳುವುದಿದೆ.

ಹನ್ನೊಂದನೆಯ ತಾರೀಖು ಅವನು ತೀರಿಕೊಂಡ ಎಂದು ಕೊಟ್ಟ ಸರ್ಟಿಫಿಕೇಟಿನಲ್ಲಿ ಬೆಳಿಗ್ಗೆ ಒಂಬತ್ತು ಇಪ್ಪತ್ತು ಎಂದಿದೆ. ಮಿದುಳು ನಿಂತದ್ದನ್ನು ಡಾಕ್ಟರು ಎರಡನೆಯ ಸಲ ಪರೀಕ್ಷೆ ಮಾಡಿ ಖಚಿತಪಡಿಸಿದ ಹೊತ್ತು ಅದು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ, ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ, ನಾನು ಅವನ ಎದೆಯ ಮೇಲೆ ಕೈಯಿಟ್ಟಿದ್ದೆ. ಬೆಚ್ಚಗಿತ್ತು. ಹೊಡೆದುಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಸತ್ತ ಎನ್ನುವ ಕಾಗದ, ಇನ್ನೊಂದು ಕೈಯ ಕೆಳಗೆ ಅದು.

ಎರಡು ಗಂಟೆ ಹತ್ತು ನಿಮಿಷಕ್ಕೆ ಇಬ್ಬರು ನೀಲಿ ಪೆಟ್ಟಿಗೆ ಹಿಡಿದುಕೊಂಡು ಓಡುವ ಹಾಗೆ ನಡೆದುಹೋದರು. ನನ್ನ ಪಕ್ಕ ನಿಂತಿದ್ದ ಆಸ್ಪತ್ರೆಯವರು, “ಅಕ್ಕಾ, ಅದೇ. ನಾಲ್ಕು ಅವರ್ ಒಳಗೆ ಹೋಗಿ ಸೇರ್ಬೇಕು,” ಎಂದರು. “ಎಲ್ಲಿಗೆ?” ಎಂದೆ. “ಬೆಂಗಳೂರಿಗೆ. ಫ್ಲೈಟಲ್ಲಿ.” ಅಷ್ಟೇ ನನಗೆ ಗೊತ್ತಿರುವುದು. ಆಂಬುಲೆನ್ಸ್ ಗೇಟು ದಾಟಿ ಎಡಕ್ಕೆ ತಿರುಗಿತು. ನಾನು ಅಲ್ಲಿಯವರೆಗೆ ನೋಡಿದೆ.

ಆಮೇಲೆ ಏನಾಯಿತು? ವಿಮಾನ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ದೂರ, ಎಷ್ಟು ನಿಮಿಷ ಆಕಾಶದಲ್ಲಿತ್ತು, ನಿಮ್ಮ ಮೈಯಲ್ಲಿ ಅದು ಮತ್ತೆ ಶುರುವಾದದ್ದು ಎಷ್ಟು ಹೊತ್ತಿಗೆ? ಟೈಮು ಬರೆದುಕೊಳ್ಳುವ ಕೆಲಸ ಎಂದಿದ್ದೀರಿ, ಅದಕ್ಕೇ ನಿಮ್ಮನ್ನು ಕೇಳುವ ಧೈರ್ಯ ಮಾಡಿದೆ. ಅವನು ಹುಟ್ಟಿದ ಗಳಿಗೆ ನನಗೆ ಗೊತ್ತು, ಅವ್ವನ ಪಕ್ಕದಲ್ಲೇ ಇದ್ದೆ. ಹೋದ ಗಳಿಗೆ ಮಾತ್ರ ಗೊತ್ತಾಗಲಿಲ್ಲ.

ಅವನ ಅಕ್ಕ


ಬೆಂಗಳೂರು
3 ಮಾರ್ಚ್ 2025

ಅಕ್ಕನವರಿಗೆ ನಮಸ್ಕಾರ.

ನೀವು ನನಗಿಂತ ಚಿಕ್ಕವರು ಎಂದು ಲೆಕ್ಕ ಹಾಕಿದೆ. ಆದರೂ ಅಕ್ಕ ಎಂದೇ ಬರೆಯುತ್ತೇನೆ, ಬೇರೆ ಹೆಸರು ನನ್ನ ಬಳಿ ಇಲ್ಲ.

ನಿಮ್ಮ ಪ್ರಶ್ನೆ ಓದಿ ನಾಚಿಕೆಯಾಯಿತು. ಮೂವತ್ತು ವರ್ಷ ಪ್ರತಿಯೊಂದು ಬಸ್ಸಿನ ಟೈಮು ಬರೆದವನು ನಾನು. ನನ್ನ ಎದೆಯೊಳಗೆ ಬಂದದ್ದು ಎಷ್ಟು ಹೊತ್ತಿಗೆ ಬಂತೆಂದು ಕೇಳಿರಲಿಲ್ಲ. ತಪಾಸಣೆಗೆ ಹೋದಾಗ ನರ್ಸಮ್ಮನನ್ನು ಕೇಳಿದೆ, ಅವರು ಇನ್ನೊಬ್ಬರನ್ನು ತೋರಿಸಿದರು. ಅವರು, “ಇದೆಲ್ಲ ನಿಮಗ್ಯಾಕೆ ಸಾರ್, ಆರಾಮಾಗಿರಿ,” ಎಂದರು. ನಾಲ್ಕನೆಯ ಸಲ ಹೋದಾಗ ನನ್ನ ಆಪರೇಷನ್ ಮಾಡಿದ ಡಾಕ್ಟರೇ ಸಿಕ್ಕರು. ಕೊಟ್ಟವರ ಅಕ್ಕ ಕೇಳುತ್ತಿದ್ದಾರೆ ಎಂದೆ. ಅವರು ಎದುರಿಗಿದ್ದ ರೋಗಿಯನ್ನು ಹೊರಗೆ ಕೂರಿಸಿ, ಫೈಲು ತರಿಸಿ, ಓದಿ ಹೇಳಿದರು. ನಾನು ಬರೆದುಕೊಂಡೆ.

ಕೊಯಮತ್ತೂರಿನಲ್ಲಿ ನಿಮ್ಮ ತಮ್ಮನ ಹೃದಯವನ್ನು ಔಷಧಿ ಕೊಟ್ಟು ನಿಲ್ಲಿಸಿದ್ದು ಮಧ್ಯಾಹ್ನ ಒಂದು ಐವತ್ತೆರಡಕ್ಕೆ. ಆಸ್ಪತ್ರೆ ಬಿಟ್ಟದ್ದು ನೀವು ಬರೆದ ಹಾಗೆ ಎರಡು ಹತ್ತು. ಪೊಲೀಸರು ದಾರಿಯ ಸಿಗ್ನಲ್ಲುಗಳನ್ನೆಲ್ಲ ತೆರೆದಿದ್ದರಂತೆ, ಎರಡು ಇಪ್ಪತ್ತೇಳಕ್ಕೆ ವಿಮಾನ ನಿಲ್ದಾಣ. ಚಿಕ್ಕ ವಿಮಾನ, ಒಳಗೆ ಇಬ್ಬರು ಪೈಲಟ್, ಇಬ್ಬರು ಡಾಕ್ಟರು, ಪೆಟ್ಟಿಗೆ. ನೆಲ ಬಿಟ್ಟದ್ದು ಎರಡು ಮೂವತ್ತೆಂಟು. ಆಕಾಶದ ದಾರಿಯಲ್ಲಿ ಸುಮಾರು ಇನ್ನೂರೈವತ್ತು ಕಿಲೋಮೀಟರು. ದೇವನಹಳ್ಳಿಯಲ್ಲಿ ನೆಲ ಮುಟ್ಟಿದ್ದು ಮೂರು ಇಪ್ಪತ್ತೊಂದು. ಅಂದರೆ ನಲವತ್ತಮೂರು ನಿಮಿಷ. ಅಲ್ಲಿಂದ ನನ್ನ ಆಸ್ಪತ್ರೆಗೆ ಮೂರು ಐವತ್ತೆಂಟು. ನನ್ನ ಎದೆಯಲ್ಲಿ ಹೊಲಿದು ರಕ್ತ ಬಿಟ್ಟಾಗ ನಾಲ್ಕು ನಲವತ್ತೊಂಬತ್ತು. ಕೆಲವು ಹೃದಯಗಳಿಗೆ ಕರೆಂಟು ಕೊಟ್ಟು ಎಬ್ಬಿಸಬೇಕಾಗುತ್ತದೆ. “ಇದಕ್ಕೆ ಬೇಕಾಗಲಿಲ್ಲ,” ಎಂದರು ಡಾಕ್ಟರು. “ತಾನೇ ಎದ್ದಿತು.”

ಒಟ್ಟು ಎರಡು ಗಂಟೆ ಐವತ್ತೇಳು ನಿಮಿಷ. ಅಷ್ಟು ಹೊತ್ತು ಅದು ಅವರದೂ ಆಗಿರಲಿಲ್ಲ, ನನ್ನದೂ ಆಗಿರಲಿಲ್ಲ.

ನನಗೆ ತಿಳಿದದ್ದು ಇಷ್ಟು. ತಪ್ಪು ಬರೆದಿಲ್ಲ, ಎರಡು ಸಲ ಓದಿಸಿಕೊಂಡು ನೋಡಿದ್ದೇನೆ.

ವಂದನೆಗಳೊಂದಿಗೆ,
ಬೆಂಗಳೂರಿನವನು


ಅರವಂಕಾಡು
30 ಮಾರ್ಚ್ 2025

ನಮಸ್ಕಾರ.

ನೀವು ಬರೆದ ಟೈಮುಗಳನ್ನು ಬೇರೆ ಹಾಳೆಗೆ ಬರೆದುಕೊಂಡು ಶೆಡ್ಡಿಗೆ ತೆಗೆದುಕೊಂಡು ಹೋಗಿದ್ದೆ. ಎಲೆ ಬರುವುದಕ್ಕೆ ಮುಂಚೆ ಒಬ್ಬಳೇ ಕೂತು ಓದಿದೆ. ನಮ್ಮೂರಿನಿಂದ ಕೊಯಮತ್ತೂರಿಗೆ ಬಸ್ಸಿನಲ್ಲಿ ಇಳಿಯಲು ಮೂರು ಗಂಟೆ ಬೇಕು. ನಾನು ಬಸ್ಸಿನಲ್ಲಿ ಕೂತು ಬೆಟ್ಟ ಇಳಿದು ಮುಗಿಸುವಷ್ಟರಲ್ಲಿ ಅವನು ಒಂದು ಮೈ ಬಿಟ್ಟು ಇನ್ನೊಂದು ಮೈ ಸೇರಿದ್ದ.

ತಾನೇ ಎದ್ದಿತು ಎಂದು ಬರೆದಿದ್ದೀರಿ. ಅವನು ಹಾಗೇ. ಚಿಕ್ಕವನಿದ್ದಾಗಲೂ ಎಬ್ಬಿಸಿದರೆ ಏಳುತ್ತಿರಲಿಲ್ಲ. ಬಿಟ್ಟು ಹೋದರೆ ತಾನೇ ಎದ್ದು ಬರುತ್ತಿದ್ದ.

ಇದನ್ನು ನಮ್ಮ ಹಟ್ಟಿಯ ಮನೆಗಳಲ್ಲಿ ಯಾರಿಗಾದರೂ ಓದಿ ಹೇಳೋಣವೆಂದರೆ ಯಾರೂ ಇಲ್ಲ. ನಾವು ವೀರಶೈವರು, ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಕೈಯಲ್ಲಿ ಲಿಂಗವಿಟ್ಟು ಎದೆಗೆ ಒರಗಿಸುವಾಗ ಹಿರಿಯರು ಅಲ್ಲಿದ್ದ ಆಪರೇಷನ್ನಿನ ಹೊಲಿಗೆ ನೋಡಿದರು. ನಮ್ಮ ದೊಡ್ಡಪ್ಪ ಎಲ್ಲರ ಮುಂದೆ ಕೇಳಿದರು. “ಲಿಂಗ ಕಟ್ಟೋ ಎದೇನೇ ಬರಿದು ಮಾಡಿಸ್ಕಂಡು ಬಂದ್ಯಲ್ಲವ್ವಾ. ಯಾರ್ನ ಕೇಳ್ದೆ?”

“ಕೇಳೋಕೆ ಯಾರಿದ್ರು ದೊಡ್ಡಪ್ಪಾ? ನಾನೊಬ್ಳೇ ಇದ್ದೆ,” ಎಂದೆ.

ಅದು ನಿಜ. ಆದರೆ ಅವರಿಗೆ ಎದುರಾಡಿದ ಹಾಗಾಯಿತು. ಬೈಗುಳ ಇಲ್ಲ, ಜಗಳ ಇಲ್ಲ. ಮೊದಲು ಸಾಯಂಕಾಲ ಬರುತ್ತಿದ್ದವರು ಬರುವುದಿಲ್ಲ, ಅಷ್ಟೇ. ಶೆಡ್ಡಿನಲ್ಲಿ ಹೆಂಗಸರು ಚೀಲ ತೂಕಕ್ಕಿಡುವಾಗ ಮೊದಲು ಅವನ ಮದುವೆಯ ಮಾತು ತೆಗೆದು ನನ್ನನ್ನು ರೇಗಿಸುತ್ತಿದ್ದರು. ಈಗ ನಾನು ಕಿಲೋ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಕೆಲವು ದಿನ ಶೆಡ್ಡಿನಲ್ಲಿ ಅಂಕಿ ಬಿಟ್ಟರೆ ಬೇರೆ ಮಾತು ನನ್ನ ಬಾಯಿಂದ ಬಂದಿರುವುದಿಲ್ಲ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಆ ದಿನ ಅವನು ಬರುವ ದಿನವಲ್ಲ, ನಾನೇ ಕರೆದದ್ದು. ಶೆಡ್ಡಿನಲ್ಲಿ ತೂಕವನ್ನು ಪುಸ್ತಕ ಬಿಟ್ಟು ಮೊಬೈಲಿನಲ್ಲಿ ಹಾಕಬೇಕೆಂದು ಹೊಸದಾಗಿ ಶುರು ಮಾಡಿದ್ದರು. ನನಗೆ ಬರಲಿಲ್ಲ. ಫೋನ್ ಮಾಡಿದೆ. “ಫೋನಲ್ಲೇ ಹೇಳ್ತೀನಿ ಕೇಳಕ್ಕಾ, ಸುಲಭ ಅದೆ,” ಎಂದ. “ನನಗೆ ಹಂಗೆಲ್ಲ ತಲೆಗೆ ಹೋಗಲ್ಲ, ಬಂದು ತೋರಿಸು,” ಎಂದೆ. “ಆಗ್ಲಿ, ಬತ್ತೀನಿ,” ಎಂದ. ಆಮೇಲೆ ಆ ಮೊಬೈಲ್ ಕೆಲಸವನ್ನು ಪಕ್ಕದ ಹುಡುಗಿ ಹತ್ತು ನಿಮಿಷದಲ್ಲಿ ಕಲಿಸಿದಳು. ಹತ್ತೇ ನಿಮಿಷ.

ಒಂದು ಬೇಡಿಕೆ ಇದೆ. ಒಂದು ಸಲ ಬೆಂಗಳೂರಿಗೆ ಬರುತ್ತೇನೆ. ನಿಮ್ಮ ಮನೆಗೆ ಬೇಡ, ಆಸ್ಪತ್ರೆಯಲ್ಲೇ ಆಗಲಿ. ನಿಮ್ಮ ಹೆಂಡತಿ ಮಗಳು ಜೊತೆಗಿರಲಿ. ಒಂದು ನಿಮಿಷ ಕಿವಿಯಿಟ್ಟು ಕೇಳಿ ಎದ್ದು ಹೋಗುತ್ತೇನೆ. ಮಾತನಾಡಿಸುವುದೂ ಇಲ್ಲ.

ಇಲ್ಲ ಎಂದರೆ ಬೇಜಾರಿಲ್ಲ ಎಂದು ಬರೆಯಬೇಕೆಂದಿದ್ದೆ. ಬೇಜಾರಾಗುತ್ತದೆ.

ಅವನ ಅಕ್ಕ


ಬೆಂಗಳೂರು
20 ಜುಲೈ 2025

ಅಕ್ಕನವರಿಗೆ,

ನಾಲ್ಕು ತಿಂಗಳು ತಡ ಮಾಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಕ್ಷಮೆ ಕೇಳಬೇಕಾದದ್ದು ಬೇರೆಯದೇ ಇದೆ.

ಕಾಯುವ ಪಟ್ಟಿಯಲ್ಲಿದ್ದವನು ಏನು ಕಾಯುತ್ತಾನೆ ಎಂದು ನಿಮಗೆ ಯಾರೂ ಹೇಳಿರಲಾರರು. ಜನ ನನಗೆ, ದೇವರು ದಾರಿ ತೋರಿಸುತ್ತಾನೆ ಎನ್ನುತ್ತಿದ್ದರು. ದಾರಿ ಯಾವುದೆಂದು ನನಗೆ ಗೊತ್ತಿತ್ತು. ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡಿದ್ದೆ. ಹೆಲ್ಮೆಟ್ ಇಲ್ಲದೆ ಹೋಗುವ ಹುಡುಗರನ್ನು ನೋಡುತ್ತಿದ್ದೆ. ಅವರ ಎತ್ತರ, ಮೈಕಟ್ಟು ಕಣ್ಣಲ್ಲೇ ಅಳೆಯುತ್ತಿದ್ದೆ. ಪೇಪರಿನಲ್ಲಿ ಅಪಘಾತದ ಸುದ್ದಿಯನ್ನೇ ಮೊದಲು ಓದುತ್ತಿದ್ದೆ. “ಸ್ಥಳದಲ್ಲೇ ಸಾವು” ಎಂದಿದ್ದರೆ ಬೇಸರವಾಗುತ್ತಿತ್ತು. ಸ್ಥಳದಲ್ಲೇ ಸತ್ತವರಿಂದ ನನಗೆ ಉಪಯೋಗವಿಲ್ಲ.

ನಿಮ್ಮ ಮೊದಲ ಪತ್ರದಲ್ಲಿ ಜೂನ್ ಎಂಟು ಎಂದಿತ್ತು. ಆಗಲೇ ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ. ಆ ದಿನ ಶನಿವಾರ. ಸಾಯಂಕಾಲ ಇಲ್ಲಿ ಜೋರು ಮಳೆ. ಹೆಂಡತಿ ತಟ್ಟೆಯಲ್ಲಿ ಇಡ್ಲಿ ತಂದಿಟ್ಟಳು. ನಾನು ಹೊರಗೆ ನೋಡುತ್ತ, “ಮಳೆಗಾಲ ಶುರುವಾಯ್ತು. ಇನ್ನು ಸಿಗಬಹುದು,” ಎಂದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇವತ್ತಿನವರೆಗೆ ನಾವಿಬ್ಬರೂ ಆ ಮಾತು ಎತ್ತಿಲ್ಲ. ಅವಳು ನನಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಾಳೆ, ಹೊರಗೆ ಹೋದರೆ ಮಾಸ್ಕ್ ಕಟ್ಟುತ್ತಾಳೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ.

ನೀವು ಬಂದು ಎದೆಯ ಮೇಲೆ ಕಿವಿಯಿಟ್ಟರೆ ಅದು ನಿಮ್ಮ ಗುರುತು ಹಿಡಿಯುತ್ತದೆ ಎಂದು ನನಗೆ ಭಯ. ನನ್ನ ವಿಷಯ ಹೇಳಿಬಿಡುತ್ತದೆ ಎಂದು ಭಯ. ಹುಚ್ಚು ಎನ್ನಿ.

ನಿಮ್ಮ ತಮ್ಮನನ್ನು ಕರೆದದ್ದು ನಿಮ್ಮ ಫೋನಲ್ಲ ಅಕ್ಕ, ನನ್ನ ಆ ಮಾತು. ದಯವಿಟ್ಟು ಬರಬೇಡಿ.

ಬೆಂಗಳೂರಿನವನು


ಅರವಂಕಾಡು
2 ಆಗಸ್ಟ್ 2025

ಕೃಷ್ಣನ್ ತಂಬಿಗೆ,

ಬೆಂಗಳೂರಿನಿಂದ ಇನ್ನು ಪತ್ರ ಬಂದರೆ ನನಗೆ ಕಳಿಸಬೇಡ. ನಿನ್ನ ಮೇಲೆ ಕೋಪವಿಲ್ಲ. ಕಳಿಸಬೇಡ.

ಗೀತಾಂಜಲಿ


ಅರವಂಕಾಡು
11 ಅಕ್ಟೋಬರ್ 2025

ನಮಸ್ಕಾರ.

ನಿಮ್ಮ ಪತ್ರ ಓದಿದ ದಿನ ನಿಮ್ಮನ್ನು ಶಪಿಸಿದೆ. ಬಾಯಿಬಿಟ್ಟೇ ಶಪಿಸಿದೆ, ಗೋಡೆಗೆ ಕೇಳಿಸುವ ಹಾಗೆ. ಅರ್ಧ ಶಪಿಸಿ ನಿಲ್ಲಿಸಿದೆ. ನಿಮಗೆ ಏನಾದರೂ ಆದರೆ ಅವನಿಗೂ ಆಗುತ್ತದೆ.

ಎರಡು ತಿಂಗಳು ಯೋಚನೆ ಮಾಡಿದೆ. ಈಗ ನನ್ನದೂ ಒಂದು ಹೇಳುತ್ತೇನೆ. ಐಸಿಯು ಹೊರಗೆ ಕೂತಿದ್ದ ಎರಡನೆಯ ದಿನ ಒಂದು ಮಂಚವನ್ನು ಪೂರ್ತಿ ಮುಸುಕು ಹಾಕಿ ತಳ್ಳಿಕೊಂಡು ಬಂದರು. ನಾನು ಎದ್ದು ನಿಂತೆ. ಮುಸುಕಿನ ಹೊರಗೆ ಪಾದ ಕಾಣಿಸಿತು. ಅವನ ಪಾದ ಅಲ್ಲ. ಯಾರೋ ಲಾರಿ ಡ್ರೈವರ್, ಹಿಂದೆ ಒಬ್ಬ ಹೆಂಗಸು ಮಗು ಎತ್ತಿಕೊಂಡು ಬರುತ್ತಿದ್ದಳು. ನನಗೆ ಸಂತೋಷವಾಯಿತು. ಮತ್ತೆ ನನ್ನ ಜಾಗದಲ್ಲಿ ಕೂತೆ. ಅವಳು ನನ್ನ ಮುಂದೆಯೇ ಹೋದಳು. ಅಲ್ಲಿ ಕೂತವರೆಲ್ಲ ನಿಮ್ಮ ಕಿಟಕಿಯ ಪಕ್ಕ ಕೂತವರೇ.

ಅವನನ್ನು ಜಾರಿಸಿದ್ದು ಮಂಜು. ನಿಮ್ಮ ಬಾಯಿಂದ ಬಂದ ಮಾತು ಇನ್ನೂರೈವತ್ತು ಕಿಲೋಮೀಟರು ಹಾರಿ ಬಂದು ಕಲ್ಲಟ್ಟಿಯ ತಿರುವಿನಲ್ಲಿ ಕೂತಿರಲಿಲ್ಲ. ಇದನ್ನು ನಿಮಗೆ ಬರೆಯುವಾಗ ನನ್ನ ಫೋನಿಗೂ ಇದೇ ಮಾತು ಹೊಂದುತ್ತದೆ ಎಂದು ಹೊಳೆಯಿತು. ಬರೆದ ಮೇಲೆ ಹೊಳೆದದ್ದು, ನಂಬಿಕೆ ಬರಲು ಇನ್ನೂ ಸಮಯ ಬೇಕು.

ನಿಮ್ಮ ಮೇಲೆ ಕೋಪ ಇರುವುದು ಬೇರೆ ಕಾರಣಕ್ಕೆ. ಜೂನ್ ಹನ್ನೊಂದಕ್ಕೆ ಅವನ ವರ್ಷದ ಪೂಜೆ ಇತ್ತು. ಹಟ್ಟಿಯವರು ಸರ್ಟಿಫಿಕೇಟಿನ ಹೊತ್ತಿಗೆ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಬಂದು ಅವನನ್ನು ಮಣ್ಣು ಮಾಡಿದ ಗದ್ದುಗೆಗೆ ವಿಭೂತಿ ಇಟ್ಟು, ಹೂವು ಹಾಕಿ ಹೋದರು. ಒಂದು ಐವತ್ತೆರಡಕ್ಕೆ ನಾನೊಬ್ಬಳೇ ಮತ್ತೆ ಹೋದೆ. ಅಲ್ಲಿ ದೊಡ್ಡಪ್ಪ ಕೂತಿದ್ದರು, ಮನೆಗೆ ಹೋಗಿರಲಿಲ್ಲ. “ಅದು ಇನ್ನೂ ಹೊಡ್ಕತಾ ಅದಾ?” ಎಂದು ಕೇಳಿದರು. ಒಂದು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಮಾತು.

“ಗೊತ್ತಿಲ್ಲೆ ದೊಡ್ಡಪ್ಪಾ. ಮೂರು ತಿಂಗ್ಳಿಂದ ಕಾಗ್ದ ಇಲ್ಲೆ,” ಎಂದೆ.

ಅವರು ನನ್ನ ಮುಖ ನೋಡಿ, “ಹಂಗಾದ್ರೆ ಕೇಳಿ ತಿಳ್ಕೋಬೇಕಲ್ವಾ,” ಎಂದು ಎದ್ದು ಹೋದರು. ನಾಲ್ಕು ನಲವತ್ತೊಂಬತ್ತರವರೆಗೆ ನಾನು ಅಲ್ಲೇ ಕೂತಿದ್ದೆ. ಆ ಹೊತ್ತಿಗೆ ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ನಿಮ್ಮನ್ನು ನೋಡಲು ಬರುವುದಿಲ್ಲ. ಬೇಡ ಎಂದಿರಿ, ಮುಗಿಯಿತು. ಆದರೆ ನಾನು ಇದುವರೆಗೆ ವಿಮಾನ ಹತ್ತಿಲ್ಲ. ಅವನು ಹೋದ ದಾರಿಯಲ್ಲಿ ಒಂದು ಸಲ ಹೋಗಬೇಕು. ನವೆಂಬರ್ ಒಂಬತ್ತು, ಭಾನುವಾರ, ಬೆಳಗಿನ ವಿಮಾನ. ಇಳಿದು ಸ್ವಲ್ಪ ಹೊತ್ತು ಕೂತು ಬಸ್ಸಿನಲ್ಲಿ ವಾಪಸ್ ಬರುತ್ತೇನೆ. ಇದು ನಿಮ್ಮ ಮಾಹಿತಿಗೆ ಮಾತ್ರ.

ಅವನ ಅಕ್ಕ


ಕೊಯಮತ್ತೂರು
16 ಅಕ್ಟೋಬರ್ 2025

ಅಕ್ಕ,

ನಿಮ್ಮ ಪತ್ರ ಬೆಂಗಳೂರಿಗೆ ಹೋಯಿತು. ತಾರೀಖು ಇದ್ದ ಸಾಲನ್ನು ನಾನು ಅಳಿಸಬೇಕಾಗಿತ್ತು. ಪೆನ್ನು ಕೈಯಲ್ಲಿತ್ತು. ಅಳಿಸಲಿಲ್ಲ.

ಚೆಕ್-ಇನ್ ಮಾಡುವಾಗ ಎಡಗಡೆಯ ಕಿಟಕಿ ಕೇಳಿ. ಆ ಕಡೆ ನಿಮ್ಮ ಬೆಟ್ಟ ಬರುತ್ತದೆ.

ಕೃಷ್ಣನ್


ಬೆಂಗಳೂರು
12 ನವೆಂಬರ್ 2025

ಅಕ್ಕನವರಿಗೆ,

ನಾನು ಬಂದಿದ್ದೆ.

ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಹೊರಟೆ. ಹೆಂಡತಿ ನಾನು ಶೂ ಬದಲು ಚಪ್ಪಲಿ ಹಾಕಿದ್ದು ನೋಡಿ, “ಎಲ್ಲಿಗೆ?” ಎಂದಳು. ಇಷ್ಟು ದಿನ ಹೇಳದೆ ಇದ್ದದ್ದನ್ನೆಲ್ಲ ಅಲ್ಲೇ ಬಾಗಿಲಲ್ಲಿ ನಿಂತು ಹೇಳಿದೆ, ನಿಮ್ಮ ಪತ್ರಗಳು, ಆ ಶನಿವಾರದ ಮಾತು. ಅವಳು ಅಳಲಿಲ್ಲ. ಒಳಗೆ ಹೋಗಿ ಹೊಸ ಮಾಸ್ಕ್ ತಂದು ಕಟ್ಟಿ, “ಹೋಗಿ ಬನ್ನಿ,” ಎಂದಳು. ಕಟ್ಟುವಾಗ ನನ್ನ ಕಣ್ಣನ್ನೇ ನೋಡುತ್ತಿದ್ದಳು.

ವಿಮಾನ ಹನ್ನೆರಡು ನಿಮಿಷ ತಡವಾಗಿ ಇಳಿಯಿತು. ಹೊರಗೆ ಬಂದವರಲ್ಲಿ ನೀವು ಯಾರೆಂದು ಕೂಡಲೇ ಗೊತ್ತಾಯಿತು. ಬೆಂಗಳೂರಿನ ಬಿಸಿಲಿಗೆ ಉಣ್ಣೆಯ ಸ್ವೆಟರ್ ಹಾಕಿಕೊಂಡು, ಹಣೆಗೆ ವಿಭೂತಿ, ಕೈಯಲ್ಲಿ ಒಂದೇ ಬಟ್ಟೆಚೀಲ. ಎಲ್ಲರೂ ಯಾರನ್ನೋ ಹುಡುಕುತ್ತಿದ್ದರು. ನೀವೊಬ್ಬರೇ ಯಾರನ್ನೂ ಹುಡುಕುತ್ತಿರಲಿಲ್ಲ. ಬೆಂಚಿನ ಮೇಲೆ ಕೂತಿರಿ. ನಾನು ಕಂಬದ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಮೂವತ್ತೆಂಟು ನಿಮಿಷ.

ಮೂರು ಸಲ ನಿಮ್ಮ ಕಡೆ ಹೊರಟೆ. ಮೂರು ಸಲವೂ ಕಾಲು ನಿಂತಿತು. ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅಷ್ಟು ದೂರಕ್ಕೂ ನಿಮಗೆ ಕೇಳಿಸುತ್ತದೆ ಎನಿಸಿತು. ಡಾಕ್ಟರು ಹೇಳಿದ್ದಾರೆ, ಹೊಸ ಹೃದಯಕ್ಕೆ ಹಳೆಯ ನರಗಳ ಸಂಪರ್ಕ ಇರುವುದಿಲ್ಲ, ಮನಸ್ಸಿನ ಗಾಬರಿ ಅದಕ್ಕೆ ತಡವಾಗಿ ತಲುಪುತ್ತದೆ ಎಂದು. ಆ ದಿನ ತಡವಾಗಲಿಲ್ಲ.

ಆಮೇಲೆ ನೀವು ಎದ್ದು ಬಸ್ ಹತ್ತಿದಿರಿ. ನನ್ನ ಕೈಲಾಗಲಿಲ್ಲ. ಮನ್ನಿಸಿ.

ಇದನ್ನು ಅಳಿಸುತ್ತಾರೋ ಇಲ್ಲವೋ ನೋಡೋಣ.

ಗುರುಮೂರ್ತಿ


ಅರವಂಕಾಡು
23 ನವೆಂಬರ್ 2025

ಗುರುಮೂರ್ತಿಯವರಿಗೆ,

ಅಳಿಸಿಲ್ಲ.

ನಿಮ್ಮ ಹೆಸರನ್ನು ನಾಲ್ಕೈದು ಸಲ ಜೋರಾಗಿ ಹೇಳಿ ನೋಡಿದೆ. ಮನೆಯಲ್ಲಿ ಹೊಸ ಹೆಸರೊಂದು ಕೇಳಿ ಬಹಳ ದಿನವಾಗಿತ್ತು.

ವಿಮಾನದ ವಿಷಯ ಹೇಳುತ್ತೇನೆ. ಎಡಗಡೆಯ ಕಿಟಕಿ ಸಿಕ್ಕಿತು. ಪಕ್ಕದಲ್ಲಿ ಮಣಿ ಎಂದು ಒಬ್ಬರು, ತಿರುಪ್ಪೂರಿನವರು, ಬನಿಯನ್ ವ್ಯಾಪಾರ. ನನಗೆ ಬೆಲ್ಟು ಹಾಕಲು ಬರಲಿಲ್ಲ, ಅವರೇ ಹಾಕಿ ಕೊಟ್ಟರು. “ಬೆಂಗಳೂರ್‌ಲ ಯಾರಿರುಕ್ಕಾಂಗ?” ಎಂದು ಕೇಳಿದರು. “ನಮ್ಮವರೊಬ್ರು ಇದ್ದಾರೆ,” ಎಂದೆ. ಸುಳ್ಳು ಹೇಳಿದ ಹಾಗೆ ಅನಿಸಲಿಲ್ಲ.

ಏರುವಾಗ ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟಾಗ ನಮ್ಮ ಬೆಟ್ಟಗಳು ದೂರದಲ್ಲಿ ಮೋಡದ ಮೇಲೆ ಎದ್ದು ಕೂತಿದ್ದವು. ದೊಡ್ಡಬೆಟ್ಟ ಯಾವುದು, ನಮ್ಮ ಹಟ್ಟಿ ಇರುವ ಬೆಟ್ಟ ಯಾವುದು, ಏನೂ ಗೊತ್ತಾಗಲಿಲ್ಲ. ನಲವತ್ತಾರು ವರ್ಷ ಅದರ ಮೇಲೆಯೇ ಇದ್ದವಳು, ಹೊರಗಿನಿಂದ ನೋಡಿರಲಿಲ್ಲ. ಅವನು ಪೆಟ್ಟಿಗೆಯೊಳಗೆ ಮಂಜುಗಡ್ಡೆಯ ನಡುವೆ ಇದನ್ನು ದಾಟಿ ಹೋದ. ಅವನಿಗೆ ಕಿಟಕಿ ಇರಲಿಲ್ಲ. ಅಳು ಬರುತ್ತದೆ ಎಂದುಕೊಂಡು ಕರವಸ್ತ್ರ ಕೈಯಲ್ಲೇ ಹಿಡಿದಿದ್ದೆ. ಬರಲಿಲ್ಲ. ಅಷ್ಟರಲ್ಲಿ ಒಂದು ಹುಡುಗಿ ಬಂದು ನೀರು ಕೊಟ್ಟಳು. ಲೋಟದಲ್ಲಿ ಅರ್ಧ ಇರುವಾಗಲೇ ಇಳಿಯುತ್ತಿದ್ದೇವೆ ಎಂದರು. ಇಷ್ಟೇನಾ, ಎಂದುಕೊಂಡೆ. ಒಂದೂವರೆ ವರ್ಷದಿಂದ ಪ್ರತಿ ದಿನ ನಾನು ಸುತ್ತುತ್ತಿದ್ದ ದಾರಿ ಒಂದು ಲೋಟ ನೀರಿನಷ್ಟೂ ಇರಲಿಲ್ಲ.

ಬೆಂಚಿನ ಮೇಲೆ ಕೂತಾಗ ಯಾರೂ ಬರುವುದಿಲ್ಲ ಎಂದು ಗೊತ್ತಿತ್ತು. ನಿಮ್ಮ ಕಡೆ ನೋಡಲಿಲ್ಲ, ಕಂಬದ ಹಿಂದೆ ಇದ್ದದ್ದು ತಿಳಿಯಲಿಲ್ಲ.

ಆದರೆ ಒಂದು ವಿಷಯ ನೀವು ಬರೆದಿಲ್ಲ. ನಾನು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದೆ. ಬಸ್ಸು ಹೊರಟು ತಿರುಗುವಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಮಾಸ್ಕ್ ಹಾಕಿಕೊಂಡ ಒಬ್ಬರು, ನೆರೆತ ತಲೆ, ಜನರನ್ನು ಸರಿಸಿಕೊಂಡು ಬಂದರು. ಬಂದು ಓಡಿದರು. ಬಸ್ಸಿನ ಹಿಂದೆ ಓಡಿದರು. ಮೊದಲು ಯಾರೋ ಬಸ್ ತಪ್ಪಿಸಿಕೊಂಡವರು ಎಂದುಕೊಂಡೆ. ಆಮೇಲೆ ನೀವು ಎಂದು ಗೊತ್ತಾಯಿತು. ಹೇಗೆ ಎಂದು ಕೇಳಬೇಡಿ. ಹದಿನೆಂಟು ಹೆಜ್ಜೆ ಎಣಿಸಿದೆ. ಆಮೇಲೆ ನಿಂತು, ಮಂಡಿಯ ಮೇಲೆ ಕೈಯೂರಿ ಬಗ್ಗಿದಿರಿ. ಬಸ್ ನಿಲ್ಲಿಸಿ ಎಂದು ಕೂಗಲು ಎದ್ದೆ. ಅಷ್ಟರಲ್ಲಿ ನೀವು ನೆಟ್ಟಗಾದಿರಿ. ನೆಟ್ಟಗೆ ನಿಂತು ನೋಡುತ್ತಿದ್ದಿರಿ, ಬಸ್ಸು ಮರೆಯಾಗುವವರೆಗೆ.

ಊರಿಗೆ ಬಂದ ಮೇಲೆ ದೊಡ್ಡಪ್ಪನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, “ಹೊಡ್ಕತಾ ಅದೆ ದೊಡ್ಡಪ್ಪಾ,” ಎಂದೆ. “ಒಳಗೆ ಬಾ,” ಎಂದರು.

ಅಷ್ಟೆಲ್ಲ ಓಡಬಹುದೋ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಏನಂದರು ಎಂದು ಬರೆಯಿರಿ. ನಾಲ್ಕು ತಿಂಗಳು ತಡ ಮಾಡಬೇಡಿ.

ಗೀತಾಂಜಲಿ